ಕೀಲೆಣ್ಣೆ ಹಚ್ಚಿದ ಕೈ

ಪ್ರಾಣೇಶ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಸೀಟಿನ ಬೆನ್ನ ಹಿಂದಿರುವ ತಂಪಿನ ಯಂತ್ರದ ಜಾಲರಿಗೆ ಅಂಗೈ ಒಡ್ಡಿದ. ಗಾಳಿಯೇನೋ ರಭಸದಿಂದಲೇ ಬರುತ್ತಿತ್ತು. ಆದರೆ ನೀರೊಲೆಯ ಮುಂದೆ ಕೂತಷ್ಟು ಬಿಸಿ.

“ಇನ್ನೊಂದೀಟು ಜೋರ ಮಾಡ್ರಿ, ನಬೀಸಾಬ್ರ.”

ಸ್ಟೇರಿಂಗ್ ಹಿಂದೆ ಕೂತಿದ್ದ ಮುದುಕ ಬರಿಗಾಲಲ್ಲಿ ಪೆಡಲ್ ಒತ್ತಿದ. ಅವನ ಚಪ್ಪಲಿ ಹೊರಗೆ ಅಂಗಳದಲ್ಲಿದ್ದವು. ಸಾಹುಕಾರರ ಮನೆಯ ಚಕ್ಕಡಿ ಹೊಡೆಯುತ್ತಿದ್ದ ಕಾಲದಲ್ಲೂ ನಬೀಸಾಬ ಚಪ್ಪಲಿ ಮೆಟ್ಟಿಕೊಂಡು ಮೂಕಿಯ ಮೇಲೆ ಕೂತವನಲ್ಲ. ಅಮೇರಿಕದ ಕಾರು ಬಂದ ಮೇಲೂ ಆ ನೇಮ ಬಿಟ್ಟಿರಲಿಲ್ಲ.

ಎಂಜಿನ್ ಅಬ್ಬರಿಸಿತು. ಗಾಳಿ ಬಿಸಿಯಾಗಿಯೇ ಉಳಿಯಿತು.

“ಸಾಕ ಮಾಡ್ರಿ ರಾಯರ.” ಪೊಲೀಸ್ ಚೌಕಿಯ ಮೆಟ್ಟಿಲ ಮೇಲಿಂದ ಫೌಜದಾರ ಗುರುಸಂಗಪ್ಪನ ದನಿ ಬಂತು. “ತಂಪಿನ ಮಿಷನ್ನಿನ್ಯಾಗ ಬಿಸಿ ಗಾಳಿ ಬರಾಕತ್ತೈತಿ ಅಂದ್ರ ಏನರ್ಥ? ಗ್ಯಾಸ್ ಸೋರಿ ಖಾಲಿ ಆಗೈತಿ. ಸೋರಿದ್ದು ಸಾಹುಕಾರ್ರ ಎದಿಯಾಗ ಹೊಕ್ಕೈತಿ. ಇದಕ್ಕ ಪತ್ತೇದಾರ ಯಾಕ ಬೇಕ್ರಿ?”

ಗಜೇಂದ್ರಗಡದ ಅರಳೆ ಸಾಹುಕಾರ ಪ್ರಭುಲಿಂಗಪ್ಪ ಇದೇ ಸೀಟಿನಲ್ಲಿ, ನಾಲ್ಕೂ ಗಾಜು ಏರಿಸಿದ ಕಾರಿನೊಳಗೆ, ತಂಪಿನ ಯಂತ್ರದ ಗುಂಡಿ ಒತ್ತಿದ್ದಂತೆಯೇ ಹೆಣವಾಗಿ ಸಿಕ್ಕು ಇನ್ನೂ ವಾರ ತುಂಬಿರಲಿಲ್ಲ. ಆ ಯಂತ್ರಕ್ಕೆ ಗ್ಯಾಸು ತುಂಬಿಕೊಟ್ಟಿದ್ದ ನರಗುಂದದ ಮಿಸ್ತ್ರಿ ಅಬ್ದುಲಮಜೀದ ಈಗ ಹಿರೇಮರಡಿ ಚೌಕಿಯ ಸರಳುಗಳ ಹಿಂದೆ ಕೂತಿದ್ದ. ನಾಳೆ ಮುಂಜಾನೆಯ ಬಸ್ಸಿಗೆ ಅವನನ್ನು ಧಾರವಾಡಕ್ಕೆ ಸಾಗಿಸುವುದಿತ್ತು. ಅಲ್ಲಿಂದ ಮುಂದೆ ಹಗ್ಗದ ದಾರಿಯೇ ಎಂದು ಊರೆಲ್ಲ ಮಾತಾಡಿ ಮುಗಿಸಿತ್ತು.

ಅವನ ಹೆಂಡತಿ ರಾಜಮಾ ಚೌಕಿಯ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿ ಅರಿವೆ ಕಟ್ಟಿದ ರೊಟ್ಟಿಯ ಗಂಟು ಮುಂಜಾನೆಯಿಂದ ಹಾಗೇ ಇತ್ತು. ಒಳಗೆ ಕೊಡಲು ಫೌಜದಾರ ಬಿಟ್ಟಿರಲಿಲ್ಲ. ಗಂಡನ ಪರವಾಗಿ ಹುಬ್ಬಳ್ಳಿಗೆ ಹೋಗಿ ಪ್ರಾಣೇಶನ ಬಾಗಿಲು ಬಡಿದವಳು ಅವಳೇ. ಕಾರು ನಡೆಸುವ ನಬೀಸಾಬ ಅವಳ ತಂದೆ.

ಪ್ರಾಣೇಶ ಕಾರಿನಿಂದಿಳಿದು ಬೆವರು ಒರೆಸಿಕೊಂಡ. ಅವನಪ್ಪ ಹುಬ್ಬಳ್ಳಿಯಲ್ಲಿ ಬರ್ಫದ ಕಾರಖಾನೆ ನಡೆಸಿ ಮುಳುಗಿದವನು. ಕಾರಖಾನೆ ಹೋಯಿತು, ತಂಪು ಹೇಗೆ ಹುಟ್ಟುತ್ತದೆಂಬ ತಿಳುವಳಿಕೆ ಮಾತ್ರ ಮಗನ ತಲೆಯಲ್ಲಿ ಉಳಿಯಿತು.

“ಸಾಹೇಬ್ರ, ಬಿಸಿ ಗಾಳಿಗೆ ಕಾರಣ ಒಂದಽ ಅಲ್ಲ. ಗ್ಯಾಸ್ ಹೋಗಿರಬಹುದು. ಗ್ಯಾಸ್ ಇದ್ದೂ ಅದನ್ನ ತಿರುಗಿಸೋ ಪಂಪು ನಿಂತಿರಬಹುದು. ಈ ಮಿಷನ್ ನಾ ರಿಪೇರಿ ಮಾಡಿ ತಂಪು ಬಂತು ಅಂದ್ರ, ಮಜೀದ ತುಂಬಿದ ಗ್ಯಾಸು ಹನಿಯೂ ಸೋರಿಲ್ಲ ಅಂತ ಆತು. ಸೋರದ ಗ್ಯಾಸು ಯಾರನ್ನೂ ಕೊಲ್ಲೂದಿಲ್ಲ. ಒಪ್ತೀರಿಲ್ಲೋ?”

“ತಂಪು ಬರದಿದ್ರ?”

“ಬರದಿದ್ರ ನಾಳೆ ಬಸ್ಸಿಗೆ ಅಂವನ ಜೋಡಿ ನಾನೂ ಬಂದು, ಅಂವನಽ ಕೊಂದಾನ ಅಂತ ಬರೆದುಕೊಡ್ತೀನಿ.”

ರಾಜಮಾ ತಲೆಯೆತ್ತಿ ನೋಡಿದಳು. ಅವಳ ಗಂಡನ ಕೊರಳನ್ನು ಈ ಮನುಷ್ಯ ಪಣಕ್ಕೆ ಇಡುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಪ್ರಾಣೇಶನಿಗೂ ತಿಳಿದಿತ್ತು. ಗುರುಸಂಗಪ್ಪನಂಥವನಿಂದ ಪರವಾನಗಿ ಪಡೆಯಲು ಬೇರೆ ದಾರಿ ಇರಲಿಲ್ಲ.

ಗುರುಸಂಗಪ್ಪ ಮೀಸೆಯಲ್ಲೇ ನಕ್ಕು ಮೆಟ್ಟಿಲಿಳಿದ. ಟಕ್, ಟಕ್. ಅವನ ಬೂಟಿನ ಸಪ್ಪಳ ಊರಿಗೆಲ್ಲ ಪರಿಚಯ. ಪೇಟೆಯ ಲಾಳ ತಾಳುವುದಿಲ್ಲವೆಂದು ಎತ್ತಿಗೆ ಲಾಳ ಕಟ್ಟುವ ಜಂಗ್ಲಿಸಾಬನಿಂದಲೇ ಎತ್ತಿನ ಲಾಳವನ್ನು ಬೂಟಿನ ಹಿಮ್ಮಡಿಗೆ ಬಡಿಸಿಕೊಂಡ ಪುಣ್ಯಾತ್ಮ ಅವನು. ಅವನ ಪೇದೆಗಳಿಗೆ ಮಾತ್ರ ಸರಕಾರ ಕೊಟ್ಟ ಚಪ್ಪಲಿಯೇ ಗತಿ.

“ಮಾಡ್ರಿ. ಆದ್ರ ಒಂದು ಮಾತು. ಕಾರು ಸಿಕ್ಕಾಗ ಹ್ಯಾಂಗಿತ್ತೋ ಹಾಂಗ ಐತಿ. ಇಟಗಿ ದಾರಿಯ ಬೇವಿನ ಗಿಡದ ಬುಡದಿಂದ ಎತ್ತು ಕಟ್ಟಿಸಿ ಎಳಸೇನಿ. ಸ್ಟೇರಿಂಗ್ ಹಿಡಿಯಾಕ ನಮ್ಮ ಪೇದೆ ಕೂತಿದ್ದ. ಎಂಜಿನ್ ಚಾಲೂ ಮಾಡಿಲ್ಲ. ನಾ ಅಂತೂ ಒಳಗ ಕಾಲ ಸೈತ ಇಟ್ಟಾಂವಲ್ಲ. ನನಗ ಸೈಕಲ್ ಬಿಟ್ರ ಬ್ಯಾರೆ ಗಾಡಿ ಗೊತ್ತಿಲ್ಲ. ನಾಳೆ ನಮ್ಮ ಮ್ಯಾಲ ಏನೂ ಹೇಳಬ್ಯಾಡ್ರಿ.”

ಪ್ರಾಣೇಶ ಬಾನೆಟ್ ಎತ್ತಿದ. ಎಂಜಿನ್ ಓಡುತ್ತಲೇ ಇತ್ತು. ಪಂಪಿನಿಂದ ಹೊರಟ ಎರಡು ಕೊಳವೆಗಳನ್ನು ಒಂದೊಂದಾಗಿ ಮುಟ್ಟಿದ. ಯಂತ್ರ ಕೆಲಸ ಮಾಡುತ್ತಿದ್ದರೆ ಒಂದು ಕೊಳವೆ ಸುಡಬೇಕು, ಇನ್ನೊಂದು ಕೊರೆಯಬೇಕು. ಎರಡೂ ಒಂದೇ ಸಮ ಬೆಚ್ಚಗಿದ್ದವು.

ಬಗ್ಗಿ ನೋಡಿದ. ಎಂಜಿನ್ನಿನ ಗಾಲಿ ಗಿರಗಿರ ತಿರುಗುತ್ತಿತ್ತು. ಅದರಿಂದ ಪಂಪಿಗೆ ಹೋದ ರಬ್ಬರಿನ ಪಟ್ಟಾ ಮಾತ್ರ ನಿಂತಲ್ಲೇ ಜಾರುತ್ತಿತ್ತು. ಪಂಪಿನ ಗಾಲಿ ಅಲುಗಿರಲೂ ಇಲ್ಲ.

ಎಂಜಿನ್ ನಿಲ್ಲಿಸಲು ಹೇಳಿ ಪಟ್ಟಾದ ಒಳಮೈಗೆ ಬೆರಳಿಟ್ಟ. ಬೆರಳು ಕಾಡಿಗೆಯಂತೆ ಕಪ್ಪಾಗಿ ಬಂತು. ಮೂಗಿಗೆ ಹಿಡಿದ. ಔಡಲೆಣ್ಣೆ, ಸುಟ್ಟ ಹುಲ್ಲಿನ ಬೂದಿ. ಯಾವಗಲ್ ಊರಿನ ಅಜ್ಜನ ಮನೆಯಲ್ಲಿ ಚಕ್ಕಡಿಯ ಕೆಳಗೆ ಆಡುತ್ತ ಅಂಗಿಗೆಲ್ಲ ಮೆತ್ತಿಕೊಂಡು ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದ ವಾಸನೆ ಅದು. ಇಂಥ ಎಣ್ಣೆ ಅಮೇರಿಕದಲ್ಲೂ ಸಿಗುವುದಿಲ್ಲ, ನರಗುಂದದ ಮಿಸ್ತ್ರಿಯ ಡಬ್ಬಿಯಲ್ಲೂ ಇರುವುದಿಲ್ಲ.

ಪ್ರಾಣೇಶ ತಲೆಯೆತ್ತಿದ. ನಬೀಸಾಬ ಕಾರಿನಿಂದಿಳಿದು ಬಾನೆಟ್ಟಿನ ಪಕ್ಕಕ್ಕೆ ಬಂದು ನಿಂತಿದ್ದ. ಅವನ ಕಣ್ಣು ಪ್ರಾಣೇಶನ ಕಪ್ಪು ಬೆರಳಿನ ಮೇಲಿತ್ತು.

“ಕೀಲೆಣ್ಣಿ,” ಅಂದ ಪ್ರಾಣೇಶ. “ಚಕ್ಕಡಿ ಗಾಲಿಗೆ ಹಾಕೂದು. ಇಲ್ಲಿಗೆ ಹ್ಯಾಂಗ ಬಂತು, ನಬೀಸಾಬ್ರ?”

ಮುದುಕ ಬಾನೆಟ್ಟಿನ ಅಂಚಿನ ದೂಳು ಒರೆಸತೊಡಗಿದ.

“ಈ ಬಾನೆಟ್ ಎತ್ತೋರು ನೀವೊಬ್ಬರಽ.”

“ನನಗ ಗೊತ್ತಿಲ್ರಿ ರಾಯರ.”

“ನಿಮ್ಮ ಅಳಿಯಾ ಒಳಗ ಕೂತಾನ. ನಿಮ್ಮ ಮಗಳು ಅಲ್ಲಿ ನಿಂತಾಳ. ಅಕಿ ಮಾರಿ ನೋಡಿ ಇನ್ನೊಮ್ಮೆ ಹೇಳ್ರಿ, ಗೊತ್ತಿಲ್ಲ ಅಂತ.”

ನಬೀಸಾಬ ಮಗಳ ಕಡೆ ನೋಡಲಿಲ್ಲ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಂಡತೊಡಗಿದ.

“ಅಬ್ಬಾ?” ಅಂದಳು ರಾಜಮಾ.

“ಕಿರಗುಟ್ಟಾಕತ್ತಿತ್ತವ್ವಾ,” ಅಂದ ಮುದುಕ, ಮಗಳಿಗೋ ನೆಲಕ್ಕೋ. “ಆ ಪಟ್ಟಾ ಒಂದಽ ಸವನ ಕಿರಗುಟ್ಟಾಕತ್ತಿತ್ತು. ಸಾಹುಕಾರ್ರು ಬೈದ್ರು, ಏನೋ ನಬೀ, ಲಕ್ಷ ರೂಪಾಯಿ ಕಾರು ಗಾಣದಂಗ ಒದರತೈತಲ್ಲೋ ಅಂತ. ಅಮಾಸಿ ದಿನ ಗಾಡಿ ಹೂಡೂದಿಲ್ಲಲ್ರಿ ರಾಯರ, ಆವತ್ತು ಗಾಡಿ ತೊಳದು ಕೀಲೆಣ್ಣಿ ಹಾಕೂದು ನಮ್ಮಪ್ಪನ ಕಾಲದಿಂದ ಬಂದದ್ದು. ಕಾರನೂ ತೊಳದೆ. ಮುಂದಿನ ಜಾಳಗಿ ಸೈತ ತಿಕ್ಕಿ ತೊಳದೆ. ಕಿರಗುಟ್ಟೋ ಜಾಗಾಕ್ಕ ಎಣ್ಣಿ ಹಚ್ಚಿದೆ. ಸಪ್ಪಳ ನಿಂತು ಹೋತ್ರಿ.”

“ತಂಪೂ ನಿಂತಿತು.”

“ಹೌದ್ರಿ. ಮರುದಿನಾನಽ ಬಿಸಿ ಗಾಳಿ ಬರಾಕ ಹತ್ತಿತು. ಸಾಹುಕಾರ್ರು ಮಜೀದನ್ನ ಕರಸು ಅಂದ್ರು. ನಾ ಕರಸಲಿಲ್ಲ. ಎಣ್ಣಿ ಹಚ್ಚಿದ್ದು ಗೊತ್ತಾದ್ರ ಮನಿ ಬಿಡಸ್ತಾರು ಅಂತ ಅಂಜಿ, ಇವತ್ತು ನಾಳೆ ಅಂದೆ. ಆಮ್ಯಾಲ ಅವರು ಹಿಂಗಾದ್ರು.” ಮುದುಕ ರುಮಾಲಿನಿಂದ ಮುಖ ಒತ್ತಿಕೊಂಡ. “ನಾ ಹಚ್ಚಿದ ಎಣ್ಣಿಗೇ ಮಿಷನ್ ಕೆಟ್ಟು, ವಿಷಾ ಕಾರಿ ಅವರನ್ನ ಕೊಂದೈತ್ರಿ. ನಾನಽ ಕೊಂದೆ. ಹೇಳಾಕ ಬಾಯಿ ಬರಲಿಲ್ಲ. ನನ್ನ ಮಗಳ ಗಂಡನ್ನ ಹಿಡಕೊಂಡ ಹ್ವಾದ್ರೂ ಬಾಯಿ ಬರಲಿಲ್ಲ.”

ರಾಜಮಾ ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡಳು. ಇಷ್ಟು ದಿನ ತನ್ನ ಜೊತೆ ಚೌಕಿಗೆ ಬಂದು, ತನ್ನ ಜೊತೆ ಅತ್ತು, ಅಳಿಯನ ಸಲುವಾಗಿ ದುವಾ ಬೇಡಿದ ಅಪ್ಪ ಇವನೇನಾ ಎಂಬಂತೆ ನೋಡಿದಳು. ಪ್ರಾಣೇಶನಿಗೆ ಮುದುಕನ ಮೇಲೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು.

“ಎಣ್ಣಿ ಹಚ್ಚಿದ್ದಕ್ಕ ಯಾರೂ ಸಾಯೂದಿಲ್ಲ, ನಬೀಸಾಬ್ರ,” ಅಂದ ಮೆಲ್ಲಗೆ. “ಗಾಲಿಗೆ ಎಣ್ಣಿ ಬೇಕು, ಪಟ್ಟಾಕ್ಕ ಬ್ಯಾಡ. ಅದಕ್ಕ ಬಿಗಿ ಬೇಕು. ಕಿರಗುಟ್ಟಿದ್ದು ಸಡಿಲಾಗಿದ್ದಕ್ಕ. ಎಣ್ಣಿ ಬಿತ್ತು, ಪೂರ್ತಿ ಜಾರಿತು. ಅಷ್ಟಽ. ಬರ್ರಿ, ಕೈ ಹಚ್ಚರಿ. ನೀವು ಮಾಡಿದ್ದನ್ನ ನೀವಽ ತೊಳೀಬೇಕು.”

ಚೌಕಿಯ ಕಂದೀಲಿನ ಚಿಮಣಿ ಎಣ್ಣೆ ಬಂತು. ಎದುರುಮನೆಯ ಮರಿಯವ್ವ ಬಿಸಿನೀರು, ಸೀಗೆಕಾಯಿ ಪುಡಿ ಕೊಟ್ಟಳು. ನಬೀಸಾಬ ಪಟ್ಟಾವನ್ನೂ ಗಾಲಿಗಳನ್ನೂ ಮೊದಲು ಚಿಮಣಿ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೀಗೆಕಾಯಿ ಹಾಕಿ ಮಗುವಿನ ತಲೆ ತೊಳೆದ ಹಾಗೆ ತೊಳೆದ. ಬಿಸಿಲಿಗೆ ಒಣಗಲು ಹೊತ್ತು ಹಿಡಿಯಲಿಲ್ಲ. ಪ್ರಾಣೇಶ ಹಾರೆಯಿಂದ ಪಂಪನ್ನು ಹಿಂದಕ್ಕೆ ಮೀಟಿ ಹಿಡಿದು ಬೋಲ್ಟು ಬಿಗಿದ. ಪಟ್ಟಾ ಬಿಗಿಯಾಗಿ ಕೂತಿತು.

“ಚಾಲೂ ಮಾಡ್ರಿ.”

ನಬೀಸಾಬ ಮತ್ತೆ ಬರಿಗಾಲಲ್ಲಿ ಒಳಗೆ ಕೂತ. ಈ ಸಲ ಪಂಪಿನ ಗಾಲಿ ತಿರುಗಿತು. ಪ್ರಾಣೇಶ ಜಾಲರಿಗೆ ಕೈ ಒಡ್ಡಿ ಕಾದ. ಸರಳುಗಳ ಹಿಂದೆ ಮಜೀದ ಎದ್ದು ನಿಂತಿದ್ದ. ಅವನ ತುಟಿ ಒಡೆದು ಊದಿತ್ತು, ಒಂದು ಕಣ್ಣು ಮುಚ್ಚಿತ್ತು.

ಗಾಳಿಯ ಬಿಸಿ ತಗ್ಗಿತು. ಆದರೆ ತಂಪಾಗಲಿಲ್ಲ. ಕಾದರು. ಆಗಲೂ ತಂಪಾಗಲಿಲ್ಲ.

“ಹೂಂ,” ಅಂದ ಗುರುಸಂಗಪ್ಪ. “ಮಾತು ಮಾತಽರಿ, ರಾಯರ.”

ಪ್ರಾಣೇಶನ ಬೆನ್ನಿನಲ್ಲಿ ಬೆವರು ಹರಿಯಿತು. ಗ್ಯಾಸು ನಿಜವಾಗಿಯೂ ಸೋರಿದ್ದರೆ? ತನ್ನ ದೊಡ್ಡ ಮಾತಿಗೆ ಒಬ್ಬ ಬಡಪಾಯಿ ಗಲ್ಲಿಗೆ ಹೋಗುತ್ತಾನೆ. ಓಡಿ ಬಂದು ಕೊಳವೆ ಮುಟ್ಟಿದ. ಒಂದು ಕೊಳವೆ ಸುಡುತ್ತಿತ್ತು, ಮಿತಿಮೀರಿ ಸುಡುತ್ತಿತ್ತು. ಗ್ಯಾಸಿಲ್ಲದೆ ಇಷ್ಟು ಸುಡುವುದಿಲ್ಲ. ಹಾಗಾದರೆ ಆ ಬಿಸಿ ಹೊರಗೆ ಹೋಗಲು ದಾರಿ ಸಿಗುತ್ತಿಲ್ಲ. ಬಿಸಿ ಹೊರಬೀಳುವುದು ಕಾರಿನ ಮೂಗಿನ ಹಿಂದಿರುವ ಜಾಳಿಗೆಯಿಂದ.

ಕಾರಿನ ಮುಂದೆ ಕೂತು, ಬೆಳ್ಳಿಯಂಥ ಸಲಾಕೆಗಳ ಸಂದಿನಿಂದ ಇಣುಕಿದ. ಜಾಳಿಗೆ ಕಾಣಲೇ ಇಲ್ಲ. ಅದರ ಮೈತುಂಬ ಬಿಳಿ ಕಂಬಳಿ ಹೊದಿಸಿದ ಹಾಗೆ ಅರಳೆ ಮೆತ್ತಿಕೊಂಡಿತ್ತು. ಬೀಜ ತೆಗೆದ ಹತ್ತಿಯ ನವಿರಾದ ಅರಳೆ, ಒಂದೊಂದು ತೂತಿಗೂ ಬಿಗಿಯಾಗಿ ಅಂಟಿಕೊಂಡು ಕೂತಿತ್ತು.

ಪ್ರಾಣೇಶ ಒಂದು ಎಳೆ ಕಿತ್ತು ಜೇಬಿಗೆ ಹಾಕಿಕೊಂಡ. ಉಳಿದದ್ದನ್ನು ಕಸಬರಿಗೆಯಿಂದ ಎಳೆದು ಹಾಕಿ ಕೊಡಪಾನದ ನೀರು ಹೊಯ್ದ. ಜಾಳಿಗೆ ಚುರ್ರೆಂದು ಹಬೆಯಾಡಿತು.

ಈ ಸಲ ಜಾಲರಿಗೆ ತಾನು ಕೈ ಒಡ್ಡಲಿಲ್ಲ. “ನೀವಽ ನೋಡ್ರಿ ಸಾಹೇಬ್ರ,” ಅಂದ.

ಗುರುಸಂಗಪ್ಪ ಹಿಂದಿನ ಕಿಟಕಿಯಿಂದ ತೋಳು ತೂರಿಸಿ ಕೈ ಒಡ್ಡಿದ. ಸ್ವಲ್ಪ ಹೊತ್ತು ಅವನ ಮುಖ ಬದಲಾಗಲಿಲ್ಲ. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡ. ಏಪ್ರಿಲ್ ತಿಂಗಳ ಆ ಉರಿಬಿಸಿಲಲ್ಲಿ ಅವನ ತೋಳಿನ ಕೂದಲು ನಿಮಿರಿ ನಿಂತಿದ್ದವು.

“ತಂಪೈತಿ,” ಅಂದ. ಆ ಮಾತು ಅವನ ಬಾಯಿಂದ ಕಷ್ಟಪಟ್ಟು ಬಂತು.

ರಾಜಮಾ ಸರಳುಗಳ ಹತ್ತಿರ ಓಡಿದಳು. ಮಜೀದ ಸರಳಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತ. ಈಗ ಅವಳನ್ನು ಯಾರೂ ತಡೆಯಲಿಲ್ಲ, ರೊಟ್ಟಿಯ ಗಂಟು ಒಳಗೆ ಹೋಯಿತು.

ಪ್ರಾಣೇಶ ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಗೆದ್ದವನ ಬಾಯಿ ಸುಮ್ಮನಿರುವುದಿಲ್ಲ, ಅವನದಂತೂ ಮೊದಲೇ ಇರುವುದಿಲ್ಲ.

“ಸಾಹೇಬ್ರ, ಅಮಾಸಿಯಿಂದ ಈ ಕಾರಿನ್ಯಾಗ ಬಿಸಿ ಗಾಳಿ. ಸಾಹುಕಾರ್ರಿಗೆ ಅದು ಗೊತ್ತಿತ್ತು. ಗಾಜು ಏರಿಸಿ ಮಲಗಲಿಕ್ಕೆ ಅವರಿಗೇನು ಹುಚ್ಚ? ಅಮಾಸಿ ಆದ ಮ್ಯಾಲ ಗಾಜು ಹ್ಯಾಂಗ ಇರ್ತಿದ್ದೂ, ನಬೀಸಾಬ್ರ?”

“ನಾಲ್ಕೂ ಇಳಿಸಽ ಇರ್ತಿದ್ದೂರಿ. ದೂಳಾಗಿ ಧೋತರಾ ಕೆಂಪಾಗ್ತಾವು ಅಂತ ಸಾಹುಕಾರ್ರ ಹೇಣ್ತಿ ಸಣ್ಣವ್ವಾರು ದಿನಾ ಗಂಡನ ಜೋಡಿ ಜಗಳಾ ತಗೀತಿದ್ರು.”

“ಕೇಳಿದ್ರಲ್ಲಾ? ಗಾಜು ಏರಿಸಿದಾಂವ, ಗುಂಡಿ ಒತ್ತಿದಾಂವ ಸಾಹುಕಾರ ಅಲ್ಲ. ತಂಪು ನಿಂತದ್ದು ಗೊತ್ತಿಲ್ಲದ ಮತ್ತೊಬ್ಬ. ಇನ್ನ ಈ ಅರಳಿ ನೋಡ್ರಿ.” ಪ್ರಾಣೇಶ ಜೇಬಿನಿಂದ ಎಳೆ ತೆಗೆದ. “ಅಮಾಸಿ ದಿನ ನಬೀಸಾಬ್ರು ಜಾಳಗಿ ತೊಳದಾರ. ಅಂದ್ರ ಇದು ಆಮ್ಯಾಲ ಬಂದದ್ದು. ಗಾಳಿಗೆ ಹಾರಿ ಬಿದ್ದದ್ದಲ್ಲ, ಫ್ಯಾನು ಎಳಕೊಂಡದ್ದು. ಅರಳಿ ರಾಶಿ ಇರೋ ವಖಾರದಾಗ, ಬಾಗಲಾ ಮುಚ್ಚಿ, ಈ ಎಂಜಿನ್ ಭಾಳ ಹೊತ್ತು ಓಡೇದ. ಮುಚ್ಚಿದ ಖೋಲಿಯೊಳಗ ಎಂಜಿನ್ನಿನ ಹೊಗಿಗಿಂತ ಬ್ಯಾರೆ ವಿಷಾ ಬೇಕ? ಹೆಣದ ಮಾರಿ ಕೆಂಪಗಿತ್ತು ಅಂತ ಡಾಕ್ಟರ್ ಹೇಳ್ಯಾರ. ಆ ಹೊಗಿ ಕುಡದವರ ಮಾರಿ ಹಾಂಗಽ ಆಗ್ತದ.”

ಗುರುಸಂಗಪ್ಪ ಬಹಳ ಗಮನವಿಟ್ಟು ಕೇಳುತ್ತಿದ್ದ. ಮುಂಜಾನೆಯಿಂದ ಇಷ್ಟು ಗಮನ ಅವನು ಕೊಟ್ಟಿರಲಿಲ್ಲ.

“ಅಂದ್ರ ಸಾಹುಕಾರ್ರು ಸತ್ತದ್ದು ಬೇವಿನ ಗಿಡದ ಬುಡಕ್ಕಲ್ಲ.”

“ಅಲ್ಲ. ಯಾವುದೋ ವಖಾರದಾಗ. ಅಲ್ಲಿಂದ ಹೆಣಾ ಹಿಂದ ಹಾಕ್ಕೊಂಡು ಕಾರು ನಡಿಸಿಕೊಂಡು ಬಂದು ಗಿಡದ ಕೆಳಗ ಬಿಟ್ಟಾರ. ಆ ನಡಿಸಿದಾಂವನಽ ಕೊಲೆಗಾರ.”

“ಚಲೋ ಹೇಳಿದ್ರಿ.” ಫೌಜದಾರ ತಲೆದೂಗಿದ. “ಹಂಗಾದ್ರ ಲೆಕ್ಕ ಸರಳ ಐತಿ. ಈ ಸುತ್ತಿನ್ಯಾಗ ಈ ಕಾರು ನಡಸಾಕ ಬರೂದು ಮೂರು ಮಂದಿಗೆ. ಒಬ್ಬ ಸಾಹುಕಾರ, ಸತ್ತ. ಇನ್ನೊಬ್ಬ ಮಜೀದ, ಆವತ್ತು ಹಗಲೆಲ್ಲಾ ನರಗುಂದದ ಸ್ಟ್ಯಾಂಡಿನ್ಯಾಗ ಬಸ್ಸಿನ ಕೆಳಗ ಮಲಗಿ ರಿಪೇರಿ ಮಾಡತಿದ್ನಂತ, ಸಾಕ್ಷಿ ಅದಾರ. ಮೂರನೇದಾಂವ…”

ಅವನು ನಬೀಸಾಬನ ಹೆಗಲ ಮೇಲೆ ಕೈಯಿಟ್ಟ.

“ಆವತ್ತು ನೀ ಎಲ್ಲಿದ್ದೆಪಾ?”

“ಮನ್ಯಾಗಿದ್ನಿರಿ. ಸಾಹುಕಾರ್ರು ನೀ ಬ್ಯಾಡ, ನಾನಽ ನಡಿಸ್ಕೊಂಡು ಹೊಕ್ಕೀನಿ ಅಂದ್ರು…”

“ಯಾರ್ ನೋಡ್ಯಾರ?”

ಮನೆಯಲ್ಲಿ ಒಬ್ಬನೇ ಇದ್ದವನನ್ನು ಯಾರು ನೋಡುತ್ತಾರೆ?

“ಎಣ್ಣಿ ಹಚ್ಚಿದ್ದು ಮುಚ್ಚಿಟ್ಟಾಂವ, ಇನ್ನೇನೇನು ಮುಚ್ಚಿಟ್ಟಾನೋ. ಹಾಕ್ರೋ ಒಳಗ!”

“ಸಾಹೇಬ್ರ, ತಡೀರಿ. ತಂಪು ನಿಂತದ್ದು ಇವರಿಗೆ ಗೊತ್ತಿತ್ತು. ಗೊತ್ತಿದ್ದಾಂವ ಗುಂಡಿ ಯಾಕ ಒತ್ತತಾನ?”

“ಅದನ್ನ ಕೋರ್ಟಿನ್ಯಾಗ ಹೇಳ್ರಿ, ರಾಯರ. ನಡಿಸಿದಾಂವನಽ ಕೊಲೆಗಾರ ಅಂತ ಹೇಳಿದಾವ್ರೂ ನೀವಽ.”

ಪೇದೆಗಳು ಮುದುಕನ ತೋಳು ಹಿಡಿದರು. ಅವನು ಕೊಸರಾಡಲಿಲ್ಲ. ಅಂಗಳದಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಳ್ಳುವುದೂ ನೆನಪಾಗದೆ ಕಾದ ಕಲ್ಲಿನ ಮೇಲೆ ನಡೆದುಹೋದ. ಮಜೀದನನ್ನು ಬಿಡಬೇಕಾದರೆ ಧಾರವಾಡದಿಂದ ಹುಕುಂ ಬರಬೇಕೆಂದು ಹೇಳಿ ಫೌಜದಾರ ಮಾವನನ್ನೂ ಅಳಿಯನನ್ನೂ ಒಂದೇ ಕೋಣೆಗೆ ತಳ್ಳಿಸಿದ.

ರಾಜಮಾ ತಿರುಗಿ ಪ್ರಾಣೇಶನ ಎದುರಿಗೆ ಬಂದಳು.

“ಗಂಡನ್ನ ಬಿಡಸ್ರಿ ಅಂತ ಕಾಲು ಹಿಡದಿದ್ನಿರಿ,” ಅಂದಳು. “ಅಪ್ಪನ್ನ ಹಿಡಕೊಡ್ರಿ ಅಂದಿದ್ನೇನ್ರಿ?”

ತನ್ನ ನಾಲಿಗೆಯ ಮೇಲೆ ಪ್ರಾಣೇಶನಿಗೆ ಹೇಸಿಗೆ ಹುಟ್ಟಿತು. ಸುಮ್ಮನೆ ಕಾರಿನ ಹತ್ತಿರ ಹೋಗಿ, ತೆರೆದಿದ್ದ ಮುಂದಿನ ಬಾಗಿಲಿಗೆ ಕೈಕೊಟ್ಟು ನಿಂತ. ತಂಪು ಗಾಳಿ ಇನ್ನೂ ಬೀಸುತ್ತಿತ್ತು, ಎಂಜಿನ್ ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಚಾವಿ ತಿರುಗಿಸಲೆಂದು ಅವನು ಒಳಗೆ ಬಗ್ಗಿದ.

ಬಗ್ಗಿದವನು ಹಾಗೇ ನಿಂತ.

ಪೆಡಲುಗಳ ಕೆಳಗೆ, ಕಪ್ಪು ರಬ್ಬರಿನ ಹಾಸಿನ ಮೇಲೆ ಒಂದು ಬಿಳಿ ಕಲೆ ಇತ್ತು. ಕಾಲಿಗೆ ಅಂಟಿ ಬಂದ ಅರಳೆ, ಭಾರಕ್ಕೆ ಸಿಕ್ಕಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಕಾರು ನಡೆಸುವವನು ಹಿಮ್ಮಡಿ ಊರುವ ಜಾಗ ಅದು. ಬರಿಗಾಲು ಒತ್ತಿದ್ದರೆ ಅಲ್ಲಿ ಯಾವ ಗುರುತೂ ಮೂಡುತ್ತಿರಲಿಲ್ಲ. ಪೇದೆಯ ಚಪ್ಪಲಿ ಒತ್ತಿದ್ದರೆ ಸಪಾಟಾಗಿರುತ್ತಿತ್ತು. ಇಲ್ಲಿ ಗುರುತು ಆಳವಾಗಿ, ಸ್ಪಷ್ಟವಾಗಿ ಕೂತಿತ್ತು.

ಸೀಳಿದ ಬಾದಾಮಿ ಎಲೆಯಂಥ ಒಂದು ಕಬ್ಬಿಣದ ತಗಡಿನ ಅಚ್ಚು. ಅದರ ಒಂದೇ ಅಂಚಿಗೆ ಸಾಲಾಗಿ ಮೊಳೆಯ ತಲೆಗಳು. ಸೀಳುಗೊರಸಿನ ಪ್ರಾಣಿಗೆ ಮಾಡುವ ಲಾಳ ಅದು. ಆದರೆ ಎತ್ತು ಕಾರು ನಡೆಸುವುದಿಲ್ಲ.

ಕೋಣೆಗೆ ಬೀಗ ಬಿದ್ದ ಸಪ್ಪಳ ಕೇಳಿಸಿತು. ಚಾವಿಯ ಗೊಂಚಲು ಝಣ್ ಎಂದಿತು. ವಖಾರ, ಫ್ಯಾನು, ಹೊಗೆ, ಗಾಜು, ತನಗೆ ಗೊತ್ತಿದ್ದದ್ದನ್ನೆಲ್ಲ ಒಂದೂ ಬಿಡದೆ ತಾನು ಯಾರ ಮುಂದೆ ಹೇಳಿ ಮುಗಿಸಿದೆನೆಂದು ಪ್ರಾಣೇಶನಿಗೆ ಈಗ ಹೊಳೆಯಿತು. ಆ ಬೀಗದ ಹಿಂದೆ ಇಬ್ಬರಿದ್ದರು. ಅವರಿಗೆ ಮುಂಜಾನೆ ಆಗುತ್ತದೋ ಇಲ್ಲವೋ ಎಂಬುದು ಈಗ ಒಬ್ಬನ ಕೈಯಲ್ಲಿತ್ತು.

“ಏನ್ ಹುಡುಕಾಕತ್ತೀರಿ ರಾಯರ, ಅಷ್ಟು ಬಗ್ಗಿ?”

ಪ್ರಾಣೇಶ ತಲೆಯ ಕರಿ ಟೊಪ್ಪಿಗೆ ಜಾರಿಸಿ ಆ ಗುರುತಿನ ಮೇಲೆ ಬೀಳಿಸಿದ.

“ಏನಿಲ್ಲ ಸಾಹೇಬ್ರ. ಟೊಪ್ಪಿಗಿ ಬಿತ್ತು.”

ಟಕ್, ಟಕ್. ಬೂಟುಗಳು ಮೆಟ್ಟಿಲಿಳಿದು ಬಂದು ಅವನ ಬೆನ್ನ ಹಿಂದೆ ನಿಂತವು.

“ಹಂಗಾರ ಎತ್ಕೋರಿ,” ಅಂದ ಗುರುಸಂಗಪ್ಪ.